ಬಾಗಿಲ ಹೊರಗಿನ ಕ್ಯಾಮೆರಾ

ಲಂಡನ್ನಿನ ಬೆಟ್ಟಿಂಗ್ ಅಂಗಡಿಗಳ ಬಾಗಿಲಿನಲ್ಲಿ 18 ವರ್ಷ ತುಂಬದವರಿಗೆ ಪ್ರವೇಶವಿಲ್ಲವೆಂಬ ಸೂಚನೆ ಇರುತ್ತದೆ. ಅಂಗೈಯಗಲದ ಆ ಸೂಚನೆಯ ಮಗ್ಗುಲಲ್ಲೇ ಆಳೆತ್ತರದ ಗಾಜು. ಗಾಜಿನ ತುಂಬ ಶನಿವಾರದ ಪಂದ್ಯಗಳ ದರಗಳು, ಮೊದಲ ಪಣ ಉಚಿತವೆಂಬ ಆಮಿಷ, ಒಳಗೆ ಮಿನುಗುವ ಪರದೆಗಳ ಬಣ್ಣ. ಶಾಲೆ ಬಿಟ್ಟು ಬಸ್ಸಿಗೆ ಕಾಯುತ್ತ ನಿಂತ 14ರ ಹುಡುಗನ ಕಾಲನ್ನು ಕಾನೂನು ಹೊಸ್ತಿಲಲ್ಲಿ ತಡೆಯುತ್ತದೆ. ಕಣ್ಣನ್ನು ತಡೆಯುವುದಿಲ್ಲ.

ಆ ಕಣ್ಣಿಗೊಂದು ಕ್ಯಾಮೆರಾ ಕೊಡಬೇಕೆಂಬುದು ಸಮುದಾಯ ಛಾಯಾಗ್ರಹಣದ ವಾದ. ಎಳೆಯರ ಜೂಜನ್ನು ತಡೆಯುವ ಹೆಸರಿನಲ್ಲಿ ಈ ದೇಶದಲ್ಲಿ ನಡೆದಿರುವುದರಲ್ಲಿ ಹೆಚ್ಚಿನದು ಎಳೆಯರಿಗೆ ಬುದ್ಧಿ ಹೇಳುವ ಕೆಲಸವೇ ಆಗಿದೆ: ತರಗತಿಯ ಪಾಠ, ಭಿತ್ತಿಪತ್ರ, ಎಚ್ಚರಿಕೆಯ ವಾಕ್ಯ. ಎಚ್ಚರಿಕೆಯ ವಾಕ್ಯಗಳ ಗತಿ ಏನಾಯಿತೆಂಬುದಕ್ಕೆ ಉದ್ಯಮವೇ 2015ರಲ್ಲಿ ಹೊರತಂದ ಒಂದು ಘೋಷಣೆ ಸಾಕ್ಷಿ. ಮೋಜು ನಿಂತಾಗ ಆಟ ನಿಲ್ಲಿಸಿ ಎಂಬರ್ಥದ ಆ ಫಲಕದಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿದ್ದ ಪದ 'ಮೋಜು'. ಅದು ಪಣ ಕಟ್ಟುವುದನ್ನು ಕಡಿಮೆ ಮಾಡಿದ ಲಕ್ಷಣ ಕಾಣಲಿಲ್ಲವೆಂದು ವಾರ್ವಿಕ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಹೇಳಿದರು. ಬೆಟ್ಟಿಂಗ್ ಕಂಪನಿಗಳ ಒಕ್ಕೂಟ ಮುಂದೆ ಒಂದು ಕೋಟಿ ಪೌಂಡುಗಳ ಶಾಲಾ ಕಾರ್ಯಕ್ರಮಕ್ಕೂ ಹಣ ಕೊಟ್ಟಿತು. ಪಾಠ ಹೇಳುವವರ ಪ್ರಾಮಾಣಿಕತೆಯನ್ನು ಶಂಕಿಸಬೇಕಿಲ್ಲ. ಆದರೆ ಜೂಜಿನ ಲಾಭದಿಂದ ನಡೆಯುವ ಪಾಠವು ಹುಡುಗನ ಸಂಯಮವನ್ನು ಪರೀಕ್ಷಿಸೀತೇ ಹೊರತು ಬೀದಿಯನ್ನು ಪರೀಕ್ಷಿಸಲಾರದು. ಆ ಪಾಠದಲ್ಲಿ ಸಮಸ್ಯೆಯೆಂದರೆ ಸದಾ ಮಗು. ಅಂಗಡಿಯಲ್ಲ, ಜಾಹೀರಾತಲ್ಲ, ಪರವಾನಗಿ ಕೊಟ್ಟ ಸಮಿತಿಯಲ್ಲ.

ಬೀದಿ ಈಗಿರುವಂತೆ ಇದ್ದದ್ದು ತಾನಾಗಿ ಅಲ್ಲ. ಬ್ರಿಟನ್ನಿನಲ್ಲಿ ಬೆಟ್ಟಿಂಗ್ ಅಂಗಡಿಗಳು ಕಾನೂನುಬದ್ಧವಾಗಿ ಬಾಗಿಲು ತೆರೆದದ್ದು 1961ರ ಮೇ 1ರಂದು. ಒಳಗಿನದು ಬೀದಿಗೆ ಕಾಣಬಾರದು, ಗಿರಾಕಿಯನ್ನು ಒಳಗೆ ಸೆಳೆಯುವಂಥದ್ದು ಏನೂ ಇರಬಾರದು ಎಂಬುದು ಅಂದಿನ ಕಾನೂನಿನ ಧೋರಣೆ. ಜೂಜನ್ನು ಸಹಿಸಬಹುದು, ಉತ್ತೇಜಿಸಬಾರದು ಎಂಬ ಆ ನಿಲುವು ದಶಕದಿಂದ ದಶಕಕ್ಕೆ ಸಡಿಲಗೊಂಡು, 2005ರ ಜೂಜು ಕಾಯ್ದೆಯಲ್ಲಿ ತಲೆಕೆಳಗಾಯಿತು. 2007ರಲ್ಲಿ ಪೂರ್ಣವಾಗಿ ಜಾರಿಗೆ ಬಂದ ಈ ಕಾಯ್ದೆ ಮೂರು ಧ್ಯೇಯಗಳನ್ನು ಘೋಷಿಸುತ್ತದೆ. ಮಕ್ಕಳನ್ನೂ ದುರ್ಬಲರನ್ನೂ ಹಾನಿಯಿಂದ, ಶೋಷಣೆಯಿಂದ ಕಾಪಾಡುವುದು ಅವುಗಳಲ್ಲೊಂದು. ಅದೇ ಕಾಯ್ದೆಯ 153ನೆಯ ಸೆಕ್ಷನ್ನು, ಸ್ಥಳೀಯ ಆಡಳಿತಗಳು ಜೂಜಿಗೆ ಅನುಮತಿ ನೀಡುವುದನ್ನೇ ಗುರಿಯಾಗಿಟ್ಟುಕೊಳ್ಳಬೇಕೆಂದು ಹೇಳುತ್ತದೆ. ಇನ್ನೊಂದು ಅಂಗಡಿಗೆ ಬೇಡಿಕೆ ಇದೆಯೇ ಇಲ್ಲವೇ ಎಂಬುದನ್ನು ಪರಿಗಣಿಸಲೂ ಕೂಡದು. ಒಂದು ಕೈಯಲ್ಲಿ ರಕ್ಷೆ ಕಟ್ಟಿ ಇನ್ನೊಂದು ಕೈಯಲ್ಲಿ ಬಾಗಿಲು ತೆರೆಯುವ ಕಾನೂನು ಇದು. ದೂರದರ್ಶನದಲ್ಲಿ ಜೂಜಿನ ಜಾಹೀರಾತು ಹೊಳೆಯಾಗಿ ಹರಿಯತೊಡಗಿದ್ದೂ ಇದೇ ಕಾಯ್ದೆಯ ಕೃಪೆಯಿಂದ.

ಇದರ ಫಲವನ್ನು ಅತಿ ಸ್ಪಷ್ಟವಾಗಿ ಉಂಡದ್ದು ನ್ಯೂಹ್ಯಾಂ ಬರೋ. ಈಸ್ಟ್ ಹ್ಯಾಂ ಮತ್ತು ಗ್ರೀನ್ ಸ್ಟ್ರೀಟು ದಕ್ಷಿಣ ಭಾರತದಿಂದ ಬಂದ ಅನೇಕ ಕುಟುಂಬಗಳಿಗೆ ಕರಿಬೇವು, ನುಗ್ಗೆಕಾಯಿ, ಇಡ್ಲಿ ಅಕ್ಕಿಯ ಬೀದಿಗಳು. ಅದೇ ಬೀದಿಗಳಲ್ಲಿ ಬೆಟ್ಟಿಂಗ್ ಅಂಗಡಿಗಳು ಒಂದರ ಪಕ್ಕ ಒಂದರಂತೆ ಎದ್ದವು. ಕಾರಣ ಸರಳ ಲೆಕ್ಕ. 20 ಸೆಕೆಂಡಿಗೊಮ್ಮೆ 100 ಪೌಂಡಿನವರೆಗೆ ಪಣ ನುಂಗಬಲ್ಲ ಯಂತ್ರಗಳನ್ನು ಒಂದು ಅಂಗಡಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಇಡುವಂತಿರಲಿಲ್ಲ. ಹಾಗಾಗಿ ಕಂಪನಿಗಳು ಯಂತ್ರ ಹೆಚ್ಚಿಸಲು ಅಂಗಡಿಗಳನ್ನೇ ಹೆಚ್ಚಿಸಿದವು. ನ್ಯೂಹ್ಯಾಂ ಒಂದು ಕಂಪನಿಗೆ ಪರವಾನಗಿ ನಿರಾಕರಿಸಿ ನೋಡಿತು. 2013ರಲ್ಲಿ ನ್ಯಾಯಾಲಯದಲ್ಲಿ ಸೋತಿತು. ಮರುವರ್ಷ 93 ಸ್ಥಳೀಯ ಆಡಳಿತಗಳ ಬೆಂಬಲ ಕಟ್ಟಿಕೊಂಡು, ಪಣದ ಮಿತಿಯನ್ನು 2 ಪೌಂಡಿಗೆ ಇಳಿಸಬೇಕೆಂದು ಸರ್ಕಾರವನ್ನು ಕೇಳಿತು, ಸರ್ಕಾರ ತಳ್ಳಿಹಾಕಿತು. ಅದೇ 2 ಪೌಂಡಿನ ಮಿತಿ 2019ರ ಏಪ್ರಿಲ್ 1ರಂದು ಜಾರಿಗೆ ಬಂತು. ವಿಳಂಬವನ್ನು ಪ್ರತಿಭಟಿಸಿ ಅಷ್ಟರಲ್ಲಿ ಸಚಿವೆ ಟ್ರೇಸಿ ಕ್ರೌಚ್ ರಾಜೀನಾಮೆ ಕೊಟ್ಟಾಗಿತ್ತು. ಸೋತವರ ಕಡತ ಸರಿಯಾಗಿದ್ದರೆ ಅದು ಕೆಲವೊಮ್ಮೆ ಐದು ವರ್ಷ ತಡವಾಗಿ ಗೆಲ್ಲುತ್ತದೆ. ಆ ಐದು ವರ್ಷಗಳಲ್ಲಿ ಯಂತ್ರದ ಮುಂದೆ ಕುಳಿತವರ ಲೆಕ್ಕವನ್ನು ಯಾರೂ ಇಡಲಿಲ್ಲ.

ಷೆಫೀಲ್ಡಿನ ಜ್ಯಾಕ್ ರಿಚಿ ಎಂಬ ತರುಣ ಆ ಯಂತ್ರಗಳ ಮುಂದೆ ಮೊದಲು ನಿಂತದ್ದು 17ರ ವಯಸ್ಸಿನಲ್ಲಿ, ಶಾಲೆಯ ಗೆಳೆಯರ ಜೊತೆ. 2017ರಲ್ಲಿ, 24ರ ವಯಸ್ಸಿನಲ್ಲಿ ಆತ ಪ್ರಾಣ ಕಳೆದುಕೊಂಡ. 2022ರಲ್ಲಿ ನಡೆದ ಮರಣ ವಿಚಾರಣೆ, ಆ ಸಾವಿನಲ್ಲಿ ಜೂಜಿನ ಪಾಲಿದೆಯೆಂದೂ ಲಭ್ಯವಿದ್ದ ಮಾಹಿತಿ ಮತ್ತು ಚಿಕಿತ್ಸೆ ತೀರಾ ಅಸಮರ್ಪಕವಾಗಿದ್ದವೆಂದೂ ಹೇಳಿತು. ಬಾಗಿಲ ಮೇಲಿನ ಸೂಚನೆ ಆ ಅಂಗಡಿಯಲ್ಲೂ ಇದ್ದಿರಬೇಕು.

ಛಾಯಾಚಿತ್ರದಿಂದ ಇಲ್ಲಿ ಏನಾದೀತು ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ಒಂದು ಚರಿತ್ರೆಯೇ ಇದೆ. 1990ರ ದಶಕದ ಆರಂಭದಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿಯ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು, ಅವರ ಆರೋಗ್ಯದ, ದುಡಿಮೆಯ ಸ್ಥಿತಿಯನ್ನು ಅವರಿಂದಲೇ ಚಿತ್ರಿಸಿದವರು ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್. ಪಾವ್ಲೊ ಫ್ರೇರೆಯ ಶಿಕ್ಷಣ ಚಿಂತನೆಯಿಂದ ಪ್ರೇರಣೆ ಪಡೆದ ಆ ವಿಧಾನಕ್ಕೆ ಮುಂದೆ 'ಫೋಟೊವಾಯ್ಸ್' ಎಂಬ ಹೆಸರು ನಿಂತಿತು. ಅದಕ್ಕೆ ಮೂರು ಹೆಜ್ಜೆ: ತಮ್ಮ ಬದುಕನ್ನು ತಾವೇ ಚಿತ್ರಿಸುವುದು, ಚಿತ್ರದ ಸುತ್ತ ಕುಳಿತು ಕಾರಣಗಳನ್ನು ಮಾತಾಡುವುದು, ಆ ಮಾತನ್ನು ನಿರ್ಧಾರ ಕೈಗೊಳ್ಳುವವರ ಮೇಜಿಗೆ ಮುಟ್ಟಿಸುವುದು. ಮೂರನೆಯದನ್ನು ಬಿಟ್ಟರೆ ಉಳಿಯುವುದು ಬೇಸಿಗೆ ರಜೆಯ ಹವ್ಯಾಸ ಶಿಬಿರ. 1999ರಲ್ಲಿ ಲಂಡನ್ನಿನಲ್ಲೇ ಅದೇ ಹೆಸರಿನ ಸಂಸ್ಥೆಯೊಂದು ಹುಟ್ಟಿತು. ಅದಕ್ಕೂ ಬಹಳ ಮುಂಚೆ, 1974ರಲ್ಲಿ, ಪೂರ್ವ ಲಂಡನ್ನಿನ 'ಹ್ಯಾಕ್ನಿ ಫ್ಲ್ಯಾಷರ್ಸ್' ಎಂಬ ಮಹಿಳೆಯರ ಬಳಗ ಕ್ಯಾಮೆರಾವನ್ನು ಚಳವಳಿಯ ಸಲಕರಣೆಯಾಗಿ ಹಿಡಿದಿತ್ತು. ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂದು 1978ರ ಪ್ರದರ್ಶನದಲ್ಲಿ ನೇರವಾಗಿ ಕೇಳಿತ್ತು. ಅಂದರೆ ಈ ನಗರಕ್ಕೆ ಇದು ಆಮದಾದ ವಿದ್ಯೆಯಲ್ಲ.

ಮಕ್ಕಳ ಕಣ್ಣಳತೆಯಲ್ಲಿ ಸಾಕ್ಷ್ಯ ಸಂಗ್ರಹಿಸಿದ ದೊಡ್ಡ ಪ್ರಯೋಗ ನಡೆದದ್ದು ನ್ಯೂಜಿಲೆಂಡಿನಲ್ಲಿ. ವೆಲ್ಲಿಂಗ್ಟನ್ ಪ್ರದೇಶದ 168 ಮಕ್ಕಳ ಕೊರಳಿಗೆ ನಾಲ್ಕು ದಿನ ತೂಗುಹಾಕಿದ ಪುಟ್ಟ ಕ್ಯಾಮೆರಾ ಸುಮಾರು 7 ಸೆಕೆಂಡಿಗೊಂದು ಚಿತ್ರ ತೆಗೆಯಿತು. ದಿನಕ್ಕೆ ಸರಾಸರಿ 27 ಬಾರಿ ಆ ಮಕ್ಕಳು ಕುರುಕಲು ತಿಂಡಿಯ ಜಾಹೀರಾತಿಗೆ ಎದುರಾಗುತ್ತಿದ್ದರೆಂಬುದು ಆ ಚಿತ್ರಗಳಿಂದ ಸಾಬೀತಾಯಿತು. ಮಕ್ಕಳಿಗೆ ಏನು ಕಾಣುತ್ತದೆಂದು ದೊಡ್ಡವರು ಊಹಿಸುತ್ತ ಕೂರುವುದಕ್ಕೂ ಇದಕ್ಕೂ ಅಜಗಜಾಂತರ. ಆದರೂ ಆ ಕ್ಯಾಮೆರಾ ತಾನೇ ಕ್ಲಿಕ್ಕಿಸುತ್ತಿತ್ತು. ಮಗು ಹೊರುವ ಕಂಬವಾಗಿತ್ತು. ಹದಿಹರೆಯದವರು ತಾವೇ ಆರಿಸಿ ತೆಗೆದ ಚಿತ್ರದಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಯಾವುದು ತಮ್ಮನ್ನು ಕರೆಯುತ್ತಿದೆ ಎಂಬ ಅವರದೇ ತೀರ್ಪು ಅದು.

ಹಾಗಾದರೆ ಅವರು ತೆಗೆಯುವುದೇನನ್ನು? ಅಂಗಡಿಯ ಒಳಗೆ ಅವರು ಹೋಗುವಂತಿಲ್ಲ, ಹೋಗಲೂ ಬಾರದು. ಕೊರತೆಯಂತೆ ಕಾಣುವ ಈ ನಿರ್ಬಂಧವೇ ಚಿತ್ರಕ್ಕೆ ಬಲ ಕೊಡುತ್ತದೆ. ಕ್ಯಾಮೆರಾ ನಿಂತ ಜಾಗವೇ ಕಾನೂನು ಮಗುವಿಗೆ ಗೊತ್ತುಮಾಡಿದ ಜಾಗ, ಅಲ್ಲಿಂದ ಕಂಡದ್ದಷ್ಟೇ ಚಿತ್ರ. ಶಾಲೆಯ ಗೇಟಿನಿಂದ ಬಸ್ ನಿಲ್ದಾಣದವರೆಗೆ ಎಷ್ಟು ಫಲಕ, ಎಷ್ಟು ಗಾಜು? ಕೋಳಿ ಫ್ರೈ ಅಂಗಡಿಯ ಬೆಂಚಿನಿಂದ ಎದುರಿಗೆ ಕಾಣುವುದೇನು? ಫುಟ್ಬಾಲ್ ಅಂಗಿಯನ್ನೇ ನೋಡಬಹುದು. 2024-25ರ ಋತುವಿನಲ್ಲಿ ಲಂಡನ್ನಿನ ವೆಸ್ಟ್ ಹ್ಯಾಂ, ಫುಲಂ, ಬ್ರೆಂಟ್‌ಫರ್ಡ್, ಕ್ರಿಸ್ಟಲ್ ಪ್ಯಾಲೆಸ್ ನಾಲ್ಕೂ ತಂಡಗಳ ಎದೆಯ ಮೇಲಿದ್ದದ್ದು ಜೂಜಿನ ಕಂಪನಿಗಳ ಹೆಸರು. ಮಕ್ಕಳ ಅಳತೆಯ ಅಂಗಿಯ ಮೇಲೆ ಆ ಹೆಸರನ್ನು ಅಚ್ಚುಹಾಕಬಾರದೆಂಬ ಕಟ್ಟುಪಾಡು ಬಹುಕಾಲದಿಂದ ಇದೆ. ಹೀಗಾಗಿ ಪಂದ್ಯದ ದಿನ ಅಪ್ಪ ಮಗ ಒಂದೇ ತಂಡದ ಅಂಗಿ ತೊಟ್ಟು ನಿಂತರೆ ಮಗನ ಎದೆ ಬರಿದು, ಅಪ್ಪನ ಎದೆಯ ಮೇಲೆ ಬೆಟ್ಟಿಂಗ್ ಕಂಪನಿ. ಬೆಳೆದು ದೊಡ್ಡವನಾಗುವುದೆಂದರೆ ಏನು ಎಂದು ಆ ಮಗು ಕಲಿಯುವ ಚಿತ್ರ ಇದಕ್ಕಿಂತ ನಿಚ್ಚಳವಾಗಿ ಇನ್ನೆಲ್ಲಿ ಸಿಕ್ಕೀತು! ಹದಿನೈದರ ಹುಡುಗನಿಗೆ ದೊಡ್ಡವರ ಅಳತೆಯೇ ಸರಿಹೊಂದುವುದರಿಂದ ಆ ರಕ್ಷಣೆಯೂ ಅವನಿಗಿಲ್ಲ. 2025-26ರ ಋತುವಿನ ಕೊನೆಗೆ ಎದೆಯ ಮೇಲಿನ ಹೆಸರನ್ನು ಕೈಬಿಡಲು ಪ್ರೀಮಿಯರ್ ಲೀಗ್ ತಂಡಗಳು 2023ರಲ್ಲಿ ಒಪ್ಪಿದವು. ತೋಳಿನ ಮೇಲೆ, ಮೈದಾನದ ಅಂಚಿನ ಫಲಕಗಳ ಮೇಲೆ ಅದು ಉಳಿಯಬಹುದು. ಋತುವಿನ ಮೊದಲ ವಾರಾಂತ್ಯದಲ್ಲಿ ಟಿವಿ, ರೇಡಿಯೊ, ಸಾಮಾಜಿಕ ಜಾಲತಾಣಗಳಲ್ಲಿ ಬಂದ ಜೂಜಿನ ಸಂದೇಶಗಳನ್ನು ಎಣಿಸಿದ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರಿಗೆ 2023ರಲ್ಲಿ ಸಿಕ್ಕದ್ದು 10,999. 2024ರಲ್ಲಿ 29,000ಕ್ಕೂ ಹೆಚ್ಚು.

ಫೋನಿನೊಳಗಿನ ಜೂಜನ್ನು ಚಿತ್ರಿಸುವುದು ಕಷ್ಟ, ಅದೇ ಈಗ ಬೀದಿಗಿಂತ ದೊಡ್ಡ ಬಯಲು ಎಂಬ ಆಕ್ಷೇಪ ನ್ಯಾಯವಾದದ್ದೇ. ಆಟದೊಳಗೆ ದುಡ್ಡು ತೆತ್ತು ತೆರೆಯುವ ಗುಪ್ತ ಪೆಟ್ಟಿಗೆಗಳನ್ನು ಜೂಜು ಕಾಯ್ದೆಯ ವ್ಯಾಪ್ತಿಗೆ ತರಲು ಬ್ರಿಟಿಷ್ ಸರ್ಕಾರ 2022ರಲ್ಲಿ ಒಲ್ಲೆನೆಂದಿತು. ಬೆಲ್ಜಿಯಂ 2018ರಲ್ಲೇ ಅವನ್ನು ಜೂಜೆಂದು ಪರಿಗಣಿಸಿತ್ತು. ಮಧ್ಯರಾತ್ರಿ ಬೆಳಗುವ ಪರದೆಯ ಬೆಳಕಿನಲ್ಲಿ ಕಾಣುವ ಗೋಡೆ, ಹಾಸಿಗೆ, ಮುಖವಿಲ್ಲದ ಕೈ ಇವುಗಳನ್ನು ಚಿತ್ರಿಸಬಲ್ಲವರು ಆ ಕೋಣೆಯಲ್ಲಿ ಇರುವವರೇ. ಹೊರಗಿನಿಂದ ಬಂದ ಯಾವ ಪತ್ರಿಕಾ ಛಾಯಾಗ್ರಾಹಕನಿಗೂ ಆ ಬಾಗಿಲು ತೆರೆಯುವುದಿಲ್ಲ.

ಇಷ್ಟಾದ ಮೇಲೆ ಕ್ಯಾಮೆರಾ ಮನೆಯ ಕಡೆಗೂ ತಿರುಗದೆ ಇರದು. 11ರಿಂದ 17 ವರ್ಷದವರನ್ನು ಜೂಜು ಆಯೋಗ ಪ್ರತಿವರ್ಷ ಸಮೀಕ್ಷೆ ಮಾಡುತ್ತದೆ. ಸಮಸ್ಯೆಯ ಹಂತ ಮುಟ್ಟಿದವರ ಪ್ರಮಾಣ 2023ರಲ್ಲಿ ಶೇ. 0.7 ಇದ್ದದ್ದು 2024ರಲ್ಲಿ ಶೇ. 1.5 ಆಯಿತು. ಮಕ್ಕಳು ಸ್ವಂತ ಹಣ ಹಾಕುವುದು ಹೆಚ್ಚಾಗಿ ಎಲ್ಲಿ? ಮೊದಲನೆಯದು ಕಡಲತೀರದ ಆಟದಂಗಡಿಗಳ ಯಂತ್ರಗಳು. ಗೊಂಬೆ ಎತ್ತುವ ಕೊಂಡಿ, ನಾಣ್ಯ ತಳ್ಳುವ ಪೆಟ್ಟಿಗೆ. ಇವುಗಳನ್ನು ಯಾವ ವಯಸ್ಸಿನ ಮಗುವಾದರೂ ಆಡಬಹುದು. ಅದರ ನಂತರ ಬರುವುದು ಗೆಳೆಯರ, ಮನೆಯವರ ನಡುವಿನ ಪಣ. ಮನೆಯವರ ನಡುವೆ ಎಂಬುದನ್ನು ಕನ್ನಡ ಕುಟುಂಬಗಳು ಎರಡು ಸಲ ಓದಬೇಕು. ಹ್ಯಾರೋದಲ್ಲೋ ಹೌನ್ಸ್ಲೋದಲ್ಲೋ ದೀಪಾವಳಿಗೆ ಸೇರಿದ ಕೂಟದಲ್ಲಿ ಊಟದ ತರುವಾಯ ಎಲೆ ಹರಡುವುದು, ಚಿಲ್ಲರೆ ಕಾಸಿನ ಅಂದರ್-ಬಾಹರ್, ಐಪಿಎಲ್ ಬಂದಾಗ ವಾಟ್ಸ್ಆ್ಯಪ್ ಗುಂಪಿನ ಹತ್ತು ಪೌಂಡಿನ ಪಂದ್ಯ ಇವನ್ನು ಯಾರೂ ಜೂಜೆಂದು ಕರೆಯುವುದಿಲ್ಲ. ಧರ್ಮರಾಯ ಪಗಡೆಯಲ್ಲಿ ಸೋತ ಕತೆಯನ್ನು ಮಕ್ಕಳಿಗೆ ಹೇಳುವುದೂ ಇದೇ ಮನೆಗಳಲ್ಲಿ. (ಆ ಕತೆಯಲ್ಲಿ ಪಣವಾದವಳು ಆಡಿದವಳಲ್ಲ ಎಂಬುದನ್ನು ಮಾತ್ರ ಹೇಳುವುದು ಕಡಿಮೆ.)

ಊರಿನ ಕಡೆಯ ಅನುಭವವೂ ಇಲ್ಲಿ ಪ್ರಸ್ತುತ. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿತು. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದಾಟವನ್ನು ನಿಷೇಧಿಸಹೊರಟಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡುವ ಹೊತ್ತಿಗೆ, ಭಾರತದ ಕ್ರಿಕೆಟ್ ತಂಡದ ಅಂಗಿಯ ಮೇಲೆ ಇದ್ದದ್ದು ಅಂಥದೇ ಒಂದು ಕಂಪನಿಯ ಹೆಸರು. ನಿಷೇಧವೊಂದೇ ಮದ್ದೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ಓಸಿ, ಮಟ್ಕಾಗಳು ನಿಷೇಧದ ನೆರಳಲ್ಲೇ ಬಾಳಿದವು. ಆದರೆ ಇದು ಇಂಗ್ಲಿಷರ ಮಕ್ಕಳ ಸಮಸ್ಯೆ ಎಂದು ಕೈತೊಳೆಯುವ ಅವಕಾಶ ಯಾರಿಗೂ ಇಲ್ಲ. ಅಲ್ಪಸಂಖ್ಯಾತ ಜನಾಂಗೀಯ ಸಮುದಾಯಗಳಲ್ಲಿ ಜೂಜಾಡುವವರು ಕಡಿಮೆ, ಆಡಿದವರು ಹಾನಿಗೀಡಾಗುವ ಸಂಭವ ಮಾತ್ರ ಹೆಚ್ಚು ಎಂದು ಗ್ಯಾಂಬಲ್‌ಅವೇರ್ ಪ್ರಕಟಿಸಿದ ಅಧ್ಯಯನಗಳು ಹೇಳಿವೆ. ವೈದ್ಯರ, ಎಂಜಿನಿಯರುಗಳ, ಒಳ್ಳೆಯ ಶಾಲೆಗಳ ಸಮುದಾಯದಲ್ಲಿ ಸಾಲವನ್ನು ಮುಚ್ಚಿಡುವುದು ಕಾಯಿಲೆಯನ್ನು ಮುಚ್ಚಿಡುವುದಕ್ಕಿಂತ ಸುಲಭ. ಲಂಡನ್ನಿನಲ್ಲಿ 2008ರಿಂದ ನಡೆಯುತ್ತಿರುವ ಎನ್‌ಎಚ್‌ಎಸ್ ಜೂಜು ಚಿಕಿತ್ಸಾಲಯದ ಸೇವೆಯನ್ನು 2019ರಲ್ಲಿ 13 ವರ್ಷದಿಂದ ಮೇಲ್ಪಟ್ಟವರಿಗೂ ವಿಸ್ತರಿಸಲಾಯಿತು ಎಂಬುದು ಎಷ್ಟು ಮನೆಗಳಿಗೆ ಗೊತ್ತು?

ಈ ವಿಧಾನಕ್ಕೆ ಅಪಾಯಗಳೂ ಇವೆ, ಅವನ್ನು ಮರೆಮಾಚುವುದು ಮಕ್ಕಳಿಗೆ ಮಾಡುವ ಅನ್ಯಾಯ. ಬ್ರಿಟನ್ನಿನಲ್ಲಿ ಸಾರ್ವಜನಿಕ ಬೀದಿಯಲ್ಲಿ ಚಿತ್ರ ತೆಗೆಯಲು ಯಾರ ಅಪ್ಪಣೆಯೂ ಬೇಡ. ಹಾಗೆಂದು ಅಂಗಡಿಯಿಂದ ತಲೆತಗ್ಗಿಸಿ ಹೊರಬರುವ ಮನುಷ್ಯನ ಮುಖವನ್ನು ಕ್ಲಿಕ್ಕಿಸುವುದು ಹಕ್ಕಾಗಬಹುದು, ಸಭ್ಯತೆಯಾಗದು. ಸೋತವನನ್ನು ಪ್ರದರ್ಶನದ ಗೋಡೆಗೆ ನೇತುಹಾಕಿದರೆ ಅಂಗಡಿಯ ಮಾಲೀಕ ಪಾರಾದಂತೆಯೇ. ಕೊಲ್ಕತ್ತಾದ ಸೋನಾಗಾಚಿಯ ಮಕ್ಕಳಿಗೆ ಕ್ಯಾಮೆರಾ ಕೊಟ್ಟ ಕತೆಯ 'ಬಾರ್ನ್ ಇನ್ಟು ಬ್ರಾಥೆಲ್ಸ್' ಸಾಕ್ಷ್ಯಚಿತ್ರಕ್ಕೆ 2005ರಲ್ಲಿ ಆಸ್ಕರ್ ಬಂತು. ಆ ಮಕ್ಕಳ ತಾಯಂದಿರನ್ನು ತೋರಿಸಿದ ರೀತಿಯ ಬಗ್ಗೆ, ಉದ್ಧಾರಕರ ದೃಷ್ಟಿಯ ಬಗ್ಗೆ ಭಾರತದಲ್ಲಿ ಎದ್ದ ಟೀಕೆ ಇಂದಿಗೂ ಪಾಠವಾಗಬೇಕು. ಚಿತ್ರ ಯಾರದು, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳುವ ಅಧಿಕಾರ ಯಾರದು, ಅಣ್ಣನ ಸಾಲ ಚಿತ್ರದಲ್ಲಿ ಬಯಲಾದರೆ ಆ ಮನೆಯ ಗತಿಯೇನು ಎಂಬುದನ್ನು ಮೊದಲ ಚಿತ್ರಕ್ಕೆ ಮುಂಚೆಯೇ ತೀರ್ಮಾನಿಸಬೇಕು. ಮಗುವೊಂದು ತನ್ನದೇ ಸಂಕಟವನ್ನು ಚಿತ್ರದಲ್ಲಿ ಹೇಳಿಬಿಟ್ಟರೆ ಅದನ್ನು ಎಲ್ಲಿಗೆ ಒಯ್ಯಬೇಕೆಂದು ತಿಳಿದ ಒಬ್ಬ ದೊಡ್ಡವರಾದರೂ ಕೋಣೆಯಲ್ಲಿರಬೇಕು.

ಇನ್ನೊಂದು ಅಪಾಯ ಸೌಮ್ಯವಾದದ್ದು, ಆದ್ದರಿಂದಲೇ ಹೆಚ್ಚು ಸಾಮಾನ್ಯ. ಗ್ರಂಥಾಲಯದಲ್ಲಿ ಪ್ರದರ್ಶನ, ಮೇಯರರ ಭಾಷಣ, ಸಮೋಸ, ಪ್ರಮಾಣಪತ್ರ. ಮರುದಿನ ಚಿತ್ರಗಳು ಕಪಾಟಿಗೆ. ಇದಾಗಬಾರದೆಂದರೆ ಚಿತ್ರ ಹೋಗಬೇಕಾದ ವಿಳಾಸ ಮೊದಲೇ ಗೊತ್ತಿರಬೇಕು. 2005ರ ಕಾಯ್ದೆಯ ಪ್ರಕಾರ ಪ್ರತಿಯೊಂದು ಕೌನ್ಸಿಲೂ ಮೂರು ವರ್ಷಕ್ಕೊಮ್ಮೆ ತನ್ನ ಜೂಜು ಪರವಾನಗಿ ನೀತಿಯ ಹೇಳಿಕೆಯನ್ನು ಪ್ರಕಟಿಸಬೇಕು. ಪ್ರಕಟಿಸುವ ಮುಂಚೆ ಪೊಲೀಸರನ್ನು, ಉದ್ಯಮದವರನ್ನು, ಅದರಿಂದ ಬಾಧಿತರಾಗುವವರ ಪ್ರತಿನಿಧಿಗಳನ್ನು ಕೇಳಬೇಕು. ಉದ್ಯಮದವರ ಉತ್ತರ ವಕೀಲರ ಮೂಲಕ ಕರಾರುವಾಕ್ಕಾಗಿ ಬರುತ್ತದೆ. ಬಾಧಿತರ ಕಡೆಯಿಂದ ಬರುವುದು ಬಹಳ ಸಲ ಮೌನ. ಶಾಲೆಗಳ ಸುತ್ತ, ಬಸ್ ನಿಲ್ದಾಣಗಳ ಸುತ್ತ ದಿನಾಂಕ, ಸಮಯ, ಸ್ಥಳ ನಮೂದಿಸಿದ ಅರುವತ್ತು ಚಿತ್ರಗಳ ಒಂದು ನಕಾಶೆ ಆ ಮೌನದ ಜಾಗಕ್ಕೆ ಬಂದರೆ, ಮುಂದೆ ಹೊಸ ಪರವಾನಗಿಯೊಂದನ್ನು ನಿರಾಕರಿಸುವ ಕೌನ್ಸಿಲಿಗೆ ನ್ಯಾಯಾಲಯದಲ್ಲಿ ಹಿಡಿದು ನಿಲ್ಲಲು ಏನಾದರೂ ಇರುತ್ತದೆ. 2013ರಲ್ಲಿ ನ್ಯೂಹ್ಯಾಂಗೆ ಬೇಕಿದ್ದದ್ದೂ ಹಿಡಿದು ನಿಲ್ಲುವ ಸಾಕ್ಷ್ಯವೇ. ಅನುಮತಿಯನ್ನೇ ಗುರಿಯಾಗಿಸುವ 153ನೆಯ ಸೆಕ್ಷನ್ನನ್ನು ತೆಗೆಯಬೇಕೆಂದು ಬ್ರೆಂಟ್ ಕೌನ್ಸಿಲಿನ ಮುಂದಾಳತ್ವದಲ್ಲಿ ಹಲವು ಸ್ಥಳೀಯ ಆಡಳಿತಗಳು ಕೇಳುತ್ತಿವೆ. ಆ ಬೇಡಿಕೆಗೂ ಬೀದಿಯ ಚಿತ್ರಗಳು ಬೇಕು.

ಎರಡನೆಯ ವಿಳಾಸ ಸಿಟಿ ಹಾಲ್. ಲಂಡನ್ನಿನ ಸಾರಿಗೆಯಲ್ಲಿ ಕುರುಕಲು ತಿಂಡಿಯ ಜಾಹೀರಾತು 2019ರ ಫೆಬ್ರವರಿಯಲ್ಲಿ ನಿಂತಿತು. ಜೂಜಿನ ಜಾಹೀರಾತನ್ನೂ ನಿಲ್ಲಿಸುವ ಮಾತು ಸಾದಿಕ್ ಖಾನ್ ಅವರ 2021ರ ಚುನಾವಣಾ ಪ್ರಣಾಳಿಕೆಯಲ್ಲಿತ್ತು. ನಂತರದ ವರ್ಷಗಳಲ್ಲೂ ಅದೇ ಜಾಹೀರಾತುಗಳು ಭೂಗತ ರೈಲಿನ ಏರುಮೆಟ್ಟಿಲುಗಳ ಪಕ್ಕ ಮೇಲೆ ಕೆಳಗೆ ಓಡಾಡಿದವು. ಅದೇ ರೈಲಿನಲ್ಲಿ ಶಾಲೆಗೆ ಹೋಗುವ ಸಾವಿರಾರು ಮಕ್ಕಳ ಕೈಯಲ್ಲಿ ಫೋನಿದೆ, ಫೋನಿನಲ್ಲಿ ಕ್ಯಾಮೆರಾ ಇದೆ.

ಹಣದ ನೆಪವೂ ಮೊದಲಿನಷ್ಟು ಗಟ್ಟಿಯಿಲ್ಲ. 2025ರ ಏಪ್ರಿಲಿನಿಂದ ಜೂಜಿನ ಕಂಪನಿಗಳ ಮೇಲೆ ಕಡ್ಡಾಯ ಸುಂಕ ಜಾರಿಗೆ ಬಂದಿದೆ. ಅದರ ಅರ್ಧ ಚಿಕಿತ್ಸೆಗೆ, ಶೇ. 30 ತಡೆಗಟ್ಟುವ ಕೆಲಸಕ್ಕೆ, ಉಳಿದದ್ದು ಸಂಶೋಧನೆಗೆ. ಉದ್ಯಮದ ದಾನಕ್ಕೆ ಕೈಯೊಡ್ಡುವುದಕ್ಕೂ ಕಾನೂನಿನಂತೆ ವಸೂಲಾದ ಸುಂಕದ ಪಾಲು ಕೇಳುವುದಕ್ಕೂ ವ್ಯತ್ಯಾಸವಿದೆ. ಲಂಡನ್ನಿನ ಕನ್ನಡ ಸಂಘಗಳಿಗೆ ವಾರಾಂತ್ಯದ ತರಗತಿಗಳಿವೆ, ರಾಜ್ಯೋತ್ಸವದ ವೇದಿಕೆಗಳಿವೆ, ಹದಿಹರೆಯಕ್ಕೆ ಬಂದೊಡನೆ ಆ ತರಗತಿಗಳಿಂದ ಜಾರಿಹೋಗುವ ಮಕ್ಕಳ ಬಗ್ಗೆ ಪ್ರತಿವರ್ಷದ ಕೊರಗಿದೆ. ಥೇಮ್ಸ್ ದಡದ ಬಸವಣ್ಣನ ಪ್ರತಿಮೆಯ ಮುಂದೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಮಕ್ಕಳಿಗೆ, ಅದೇ ದಡದ ಬೀದಿಗಳನ್ನು ತಾವೇ ತೆಗೆಯಲು ಹೇಳಿದರೆ ಅವರಲ್ಲಿ ಕೆಲವರಾದರೂ ಉಳಿಯಬಹುದು. ಚಿತ್ರದ ಕೆಳಗಿನ ಎರಡು ಸಾಲನ್ನು ಕನ್ನಡದಲ್ಲಿ ಬರೆಯಲು ಅವರಿಗೆ ಮೊದಲ ಬಾರಿಗೆ ಕಾರಣವೊಂದು ಸಿಗಲೂಬಹುದು.

ಇಂಗ್ಲೆಂಡಿನ ಬಹುತೇಕ ಕೌನ್ಸಿಲುಗಳ ಈಗಿನ ನೀತಿ ಹೇಳಿಕೆ 2025ರ ಜನವರಿಯಿಂದ ನಡೆಯುತ್ತಿದೆ. ಮುಂದಿನದು 2028ರ ಜನವರಿಗೆ ಸಿದ್ಧವಾಗಬೇಕು. ಅದರ ಕರಡಿನ ಮೇಲೆ ಅಭಿಪ್ರಾಯ ಕೇಳುವುದು 2027ರಲ್ಲಿ. ಆ ಅವಧಿ ಸಾಮಾನ್ಯವಾಗಿ ಕೆಲವು ವಾರಗಳದ್ದು, ಬಹಳ ಸಲ ಬೇಸಿಗೆ ರಜೆಯ ಆಸುಪಾಸಿನದು. ಚಿತ್ರ ತೆಗೆಯುವುದು, ಕೂತು ಮಾತಾಡುವುದು, ನಕಾಶೆಯ ಮೇಲೆ ಗುರುತಿಸುವುದು ಎಲ್ಲವೂ ಅದಕ್ಕೆ ಮುಂಚೆಯೇ ಮುಗಿದಿರಬೇಕು.